ಬೆರಳು ತಂದಿದ್ದೀರಾ?



ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಮೂರು ವರ್ಷದಿಂದ ಬರೀಬೇಕು ಅಂದ್ಕೊಂಡೇ ಮುಂದೂಡ್ತಾ ಬಂದೆ. ಯಾಕಂದ್ರೆ ಇದರಲ್ಲಿ ಬೇರೆಯವರ ತಪ್ಪಿನ ಜೊತೆ ನನ್ನ ತಪ್ಪೂ ಇದೆ. ಹೋರಾಟಗಾರ ಅಂತ ಕರೆಸಿಕೊಳ್ಳೋನಿಗೆ ಊರಿನವರ ತಪ್ಪು ಬರೆಯೋದು ಸುಲಭ, ತನ್ನದು ಬರೆಯೋದು ಕಷ್ಟ.

ನನ್ನ ಚಿಕ್ಕಪ್ಪನ ಮಗನ ಕಥೆ ಇದು. ಹೆಸರು ಬೇಡ, ತಮ್ಮ ಅಂತಲೇ ಬರೀತೀನಿ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಲ್ಲಿ ಒಬ್ಬ ದೊಡ್ಡ ಹಿಡುವಳಿದಾರರ ಹಸುವಿನ ಶೆಡ್ಡಿನಲ್ಲಿ ಕೆಲಸಕ್ಕಿದ್ದ. 12 ಸೀಮೆಹಸು, ತಿಂಗಳಿಗೆ 12 ಸಾವಿರ ಸಂಬಳ. ವಯಸ್ಸು 26. ಪಿಯುಸಿ ಮುಗಿಸಿದ್ದ.

ನಮ್ಮ ಜಿಲ್ಲೆ ನಿಮಗೆ ಗೊತ್ತಲ್ಲ. ವರ್ಷಪೂರ್ತಿ ಹರಿಯೋ ನದಿ ಇಲ್ಲ. ಬೋರ್‌ವೆಲ್ಲು, ರೇಷ್ಮೆ, ಹಾಲು, ಇಷ್ಟರಲ್ಲೇ ಬದುಕು. ಹಾಲು ಬೇಕು ಅಂದ್ರೆ ಹಸು, ಹಸುಗೆ ಮೇವು, ಮೇವಿಗೆ ಚಾಫ್ ಕಟರ್. ಸೀಮೆಹುಲ್ಲು, ಜೋಳದ ಕಡ್ಡಿ ಕತ್ತರಿಸೋ ಮೆಷಿನ್. ಬಾಯಿಗೆ ಮೇವು ತಳ್ಳಬೇಕು, ಒಳಗೆ ರೋಲರ್ ಎಳ್ಕೊಳ್ಳುತ್ತೆ, ಚಕ್ರಕ್ಕೆ ಕಟ್ಟಿರೋ ಬ್ಲೇಡು ಕತ್ತರಿಸುತ್ತೆ. ಮೇವು ಯಾವುದು, ಕೈ ಯಾವುದು ಅಂತ ಬ್ಲೇಡಿಗೆ ಗೊತ್ತಾಗಲ್ಲ.

ಸಂಜೆ ಐದು ಗಂಟೆಗೆ ಸ್ವಲ್ಪ ಮುಂಚೆ, ಡೇರಿಗೆ ಹಾಲು ಹಾಕೋ ಹೊತ್ತಿನ ಅವಸರದಲ್ಲಿ, ತಮ್ಮನ ಬಲಗೈ ಒಳಗೆ ಹೋಯ್ತು. ಹೆಬ್ಬೆರಳು ಉಳೀತು. ಉಳಿದ ನಾಲ್ಕೂ ಮೇವಿನ ಜೊತೆ ಆಚೆ ಬಿದ್ದವು.

ಆಮೇಲೆ ಏನೇನಾಯ್ತು ಅಂತ ಗಂಟೆ ಲೆಕ್ಕದಲ್ಲಿ ಹೇಳ್ತೀನಿ. ಮೊದಲು ಗಾಯಕ್ಕೆ ಕಾಫಿಪುಡಿ ಮೆತ್ತಿದರು. ಟವೆಲ್ ಬಿಗಿದು ಕಟ್ಟಿದರು. ಆಟೋ ಸಿಗೋಕೆ ಅರ್ಧ ಗಂಟೆ. ಒಂದು ಆಸ್ಪತ್ರೆಲಿ ಟಿಟಿ ಇಂಜೆಕ್ಷನ್, ಡ್ರೆಸಿಂಗ್, ಒಂದು ಚೀಟಿ. ಆ ಚೀಟಿ ಹಿಡ್ಕೊಂಡು ಇನ್ನೊಂದು ಆಸ್ಪತ್ರೆ. ಅಲ್ಲಿ ಎಕ್ಸ್‌ರೇ, ಇನ್ನೊಂದು ಚೀಟಿ, ಆಂಬುಲೆನ್ಸಿಗೆ ಕಾಯೋದು. ಬೆಂಗಳೂರಿನ ಆಸ್ಪತ್ರೆ ಮುಟ್ಟಿದಾಗ ರಾತ್ರಿ ಹನ್ನೊಂದು ಗಂಟೆ. ಶಿಡ್ಲಘಟ್ಟದಿಂದ ಬೆಂಗಳೂರು ಅರವತ್ತು ಚಿಲ್ಲರೆ ಕಿಲೋಮೀಟರ್. ಆರು ಗಂಟೆ ಹಿಡೀತು.

ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬ್ಯಾಂಡೇಜು ಬಿಚ್ಚಿ ನೋಡಿದರು. ತಲೆ ಎತ್ತಿ ಕೇಳಿದರು: "ಬೆರಳು ತಂದಿದ್ದೀರಾ?"

ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡೆವು. ಚಿಕ್ಕಪ್ಪ ಮೆಲ್ಲಗೆ ಕೇಳಿದರು: "ತರಬೇಕಾಗಿತ್ತಾ ಸಾರ್?"

ಬೆರಳುಗಳು ಆ ಹೊತ್ತಿಗೆ ಊರಲ್ಲಿ ಹುಣಸೆ ಮರದ ಬುಡದಲ್ಲಿ ಮಣ್ಣಾಗಿದ್ದವು. ನಮ್ಮ ಚಿಕ್ಕಮ್ಮನೇ ಮೇವಿನ ರಾಶಿಯಿಂದ ಆರಿಸಿ ತೆಗೆದು, ಅರಿಶಿನ ಕುಂಕುಮ ಇಟ್ಟು ಹೂತಿದ್ದಳು. "ನನ್ನ ಮಗನ ಮಾಂಸ ಕಣಪ್ಪ, ನಾಯಿ ಬಾಯಿಗೆ ಹೋಗಬಾರದು ಅಂತ ಹಂಗೆ ಮಾಡ್ದೆ" ಅಂದಳು. ಯಾರು ಏನು ಹೇಳೋಕಾಗುತ್ತೆ ಆ ತಾಯಿಗೆ?

ಈಗ ನನ್ನ ತಪ್ಪು. ವಿಷಯ ಗೊತ್ತಾದ ಹತ್ತು ನಿಮಿಷಕ್ಕೆ ನಾನು ಅಲ್ಲಿದ್ದೆ. ಏನು ಮಾಡಿದೆ? ಮೆಷಿನ್ ಫೋಟೋ ತೆಗೆದೆ. ರಕ್ತದ ಫೋಟೋ ತೆಗೆದೆ. ಸಂಘಟನೆಯ ನಾಲ್ಕು ಜನಕ್ಕೆ ಫೋನ್ ಮಾಡಿದೆ. ಸ್ಟೇಷನ್ನಿಗೆ ಹೋಗಿ ಮಾಲೀಕನ ಮೇಲೆ ಕಂಪ್ಲೇಂಟ್ ತಗೊಳ್ಳಿ ಅಂತ ಕೂತೆ. ಇದೇ ಪೇಜಿನಲ್ಲಿ ಪೋಸ್ಟ್ ಹಾಕಿದೆ, ಇನ್ನೂರು ಶೇರ್ ಆಯ್ತು. ನನ್ನ ಎರಡು ಮಾರು ದೂರದಲ್ಲಿ ಚಿಕ್ಕಮ್ಮ ಮಣ್ಣು ಅಗೀತಿದ್ದಳು. ನಾನು ನೋಡಿದೆ. ಏನೂ ಅನ್ನಲಿಲ್ಲ.

ನಾವು ಕಂಬಾಲಪಲ್ಲಿ ನೆಲದವರು. ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ 2000ದ ಮಾರ್ಚ್ 11ರಂದು ನಮ್ಮ ಏಳು ಜನರನ್ನ ಮನೆಯೊಳಗೇ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು, 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನ ಖುಲಾಸೆ ಮಾಡ್ತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡೀತು. ಅಲ್ಲಿಂದ ನಾವು ಕಲಿತ ಪಾಠ ಒಂದೇ: ಸಾಕ್ಷಿ ಉಳಿಸು, ಫೋಟೋ ತೆಗಿ, ಎಫ್‌ಐಆರ್ ಹಾಕಿಸು. ಆ ಪಾಠ ತಪ್ಪಲ್ಲ. ಆದ್ರೆ ಆ ಸಂಜೆ ನಾನು ಸಾಕ್ಷಿ ಉಳಿಸಿದೆ, ಬೆರಳು ಉಳಿಸಲಿಲ್ಲ.

ಏಕಲವ್ಯನ ಹೆಬ್ಬೆರಳಿನ ಬಗ್ಗೆ ನಾನು ಎಷ್ಟು ಸ್ಟೇಜಿನಲ್ಲಿ ಮಾತಾಡಿದ್ದೀನೋ ಲೆಕ್ಕ ಇಲ್ಲ. ಏಪ್ರಿಲ್ 14 ಬಂದ್ರೆ ವರ್ಷಕ್ಕೆ ನಾಲ್ಕು ಭಾಷಣ. ಕೇಳಿದವನು ಯಾರು, ಕೊಟ್ಟವನು ಯಾರು, ಎಲ್ಲ ಹೇಳ್ತಿದ್ದೆ. ಕತ್ತರಿಸಿ ಬಿದ್ದ ಬೆರಳು ಆಮೇಲೆ ಏನಾಯ್ತು ಅಂತ ನನ್ನ ತಲೆಗೆ ಒಂದು ದಿನವೂ ಬಂದಿರಲಿಲ್ಲ.

*

ಆವತ್ತಿಂದ ಈ ವಿಷಯ ಓದೋಕೆ ಶುರು ಮಾಡಿದೆ. ಡಾಕ್ಟರುಗಳ ಹತ್ರ ಕೂತು ಕೇಳಿದೆ. ತಿಳಿದಿದ್ದನ್ನ ನಮ್ಮ ಮಾತಲ್ಲಿ ಹೇಳ್ತೀನಿ.

ತುಂಡಾದ ಕೈ ಬೆರಳು ಜೋಡಿಸೋದು ಹೊಸ ವಿದ್ಯೆ ಅಲ್ಲ. 1962ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 12 ವರ್ಷದ ಹುಡುಗನ ತೋಳು ರೈಲಿಗೆ ಸಿಕ್ಕು ತುಂಡಾದಾಗ ಡಾ. ರೊನಾಲ್ಡ್ ಮಾಲ್ಟ್ ತಂಡ ಅದನ್ನ ಮತ್ತೆ ಜೋಡಿಸಿತು. ಮುಂದಿನ ವರ್ಷ, 1963ರ ಜನವರಿ 2ರಂದು, ಚೀನಾದ ಶಾಂಘೈನಲ್ಲಿ ಒಬ್ಬ ಕಾರ್ಖಾನೆ ಕಾರ್ಮಿಕನ ಬಲಗೈ ಮೆಷಿನ್‌ಗೆ ಸಿಕ್ಕು ಮಣಿಕಟ್ಟಿನ ಮೇಲೆ ಪೂರ್ತಿ ತುಂಡಾಯ್ತು. ಡಾ. ಚೆನ್ ಝೊಂಗ್‌ವೈ ಮತ್ತು ಜೊತೆಗಾರರು ಸರ್ಕಾರಿ ಆಸ್ಪತ್ರೆಯಲ್ಲಿ ಜೋಡಿಸಿದರು. 1965ರಲ್ಲಿ ಜಪಾನಿನ ಕೊಮಾತ್ಸು, ತಮಾಯಿ ಅನ್ನೋ ಡಾಕ್ಟರುಗಳು ಪೂರ್ತಿ ತುಂಡಾದ ಹೆಬ್ಬೆರಳನ್ನ ಮೈಕ್ರೋಸ್ಕೋಪ್ ಕೆಳಗೆ ಹೊಲಿದು ಉಳಿಸಿದರು. ಅಂದ್ರೆ ನಮ್ಮ ತಮ್ಮ ಹುಟ್ಟೋಕೆ ಮೂವತ್ತು ವರ್ಷ ಮೊದಲೇ ಈ ವಿದ್ಯೆ ಇತ್ತು.

ಬೆರಳಿನ ರಕ್ತನಾಳ ಒಂದು ಮಿಲಿಮೀಟರ್ ಅಗಲ. ಹೊಲಿಯೋ ದಾರ ತಲೆಗೂದಲಿಗಿಂತ ಸಣ್ಣ, ಬರಿಗಣ್ಣಿಗೆ ಸರಿಯಾಗಿ ಕಾಣಲ್ಲ. ಮೊದಲು ಮೂಳೆಗೆ ತಂತಿ ಹಾಕಿ ನಿಲ್ಲಿಸ್ತಾರೆ. ಆಮೇಲೆ ಬೆರಳು ಮಡಚೋ, ಚಾಚೋ ನಾರು. ಆಮೇಲೆ ರಕ್ತ ತರೋ ನಾಳ, ನರ, ರಕ್ತ ವಾಪಸ್ ಒಯ್ಯೋ ನಾಳ, ಕೊನೆಗೆ ಚರ್ಮ. ಒಂದೊಂದು ಬೆರಳಿಗೂ ಗಂಟೆಗಟ್ಟಲೆ ಕೆಲಸ. ಜೋಡಿಸಿದ ಮೇಲೆ ರಕ್ತ ಒಳಗೆ ಬಂದು ಆಚೆ ಹೋಗದೆ ಬೆರಳು ನೀಲಿಗಟ್ಟಿದ್ರೆ ಜಿಗಣೆ ಬಿಡ್ತಾರೆ. ಹೌದು, ಅದೇ ನಮ್ಮ ಕೆರೆ ಜಿಗಣೆಯ ಜಾತಿಯದೇ, ಆಸ್ಪತ್ರೆಗೆ ಅಂತಲೇ ಸಾಕಿದ್ದು. ಬೀಡಿ ಸಿಗರೇಟು ಪೂರ್ತಿ ಬಂದ್, ಅದು ನಾಳ ಬಿಗಿಯುತ್ತೆ.

ಸಮಯದ ಲೆಕ್ಕ ಮುಖ್ಯ. ಬೆರಳಲ್ಲಿ ಮಾಂಸಖಂಡ ಕಡಿಮೆ, ಅದಕ್ಕೇ ಅದು ಹೆಚ್ಚು ಹೊತ್ತು ತಡೆಯುತ್ತೆ. ತಂಪಲ್ಲಿ ಸರಿಯಾಗಿ ಇಟ್ಟರೆ ಒಂದು ದಿನದ ತನಕವೂ ಜೋಡಿಸೋಕೆ ಅವಕಾಶ ಇದೆ. ಮುಂಗೈ, ತೋಳು ಹಾಗಲ್ಲ. ಮಾಂಸ ಜಾಸ್ತಿ ಇರೋದ್ರಿಂದ ಬಿಸಿಲಲ್ಲಿ ಹಂಗೇ ಬಿಟ್ಟರೆ ಆರು ಗಂಟೆಗೆ ಕೆಟ್ಟುಹೋಗುತ್ತೆ. ಈಗ ನಮ್ಮ ಲೆಕ್ಕ ಹಾಕಿ. ನಾವು ಬೆಂಗಳೂರು ಮುಟ್ಟಿದ್ದು ಆರು ಗಂಟೆಗೆ. ಬೆರಳು ಒದ್ದೆ ಬಟ್ಟೇಲಿ, ಐಸಿನ ಮೇಲೆ ಇದ್ದಿದ್ರೆ ಇನ್ನೂ ಕಾಲ ಮೀರಿರಲಿಲ್ಲ. ಚಾಫ್ ಕಟರ್ ಬ್ಲೇಡು ಹರಿತ, ಜಜ್ಜೋದಕ್ಕಿಂತ ಕತ್ತರಿಸೋದೇ ಜಾಸ್ತಿ. ಅಂಥ ಗಾಯ ಜೋಡಿಸೋಕೆ ಅನುಕೂಲ ಅಂತ ಆ ಡಾಕ್ಟರೇ ಹೇಳಿದರು. ಅದನ್ನ ಕೇಳಿದ ಮೇಲೆ ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಬೆಳಗಿನ ತನಕ ಕೂತಿದ್ದೆ.

ಎಲ್ಲಾ ಜೋಡಿಸಬಹುದು ಅಂತ ನಾನು ಸುಳ್ಳು ಹೇಳಲ್ಲ. ಕ್ರಷರ್ ಬೆಲ್ಟಿಗೆ, ಮುಸುಕಿನ ಜೋಳ ಬಿಡಿಸೋ ಮೆಷಿನ್‌ಗೆ ಸಿಕ್ಕು ಜಜ್ಜಿ, ನರ ನಾಳ ಬುಡದಿಂದ ಕಿತ್ತು ಬಂದಿದ್ರೆ ಬಹಳ ಕಷ್ಟ. ಒಂದೇ ಒಂದು ಬೆರಳು ಹೋಗಿದ್ರೆ ಕೆಲವು ಸಲ ಜೋಡಿಸದೇ ಇರೋದೇ ವಾಸಿ ಅಂತಾರೆ, ಸೆಟೆದು ನಿಂತ ಬೆರಳು ಉಳಿದ ಬೆರಳಿಗೂ ಅಡ್ಡ ಆಗುತ್ತೆ. ಹೆಬ್ಬೆರಳು, ಒಂದಕ್ಕಿಂತ ಹೆಚ್ಚು ಬೆರಳು, ಅಂಗೈ, ಮಣಿಕಟ್ಟು, ಮಕ್ಕಳ ಯಾವ ಬೆರಳೇ ಆಗಲಿ, ಇಲ್ಲೆಲ್ಲ ಪ್ರಯತ್ನ ಮಾಡಲೇಬೇಕು ಅನ್ನೋದು ಸಾಮಾನ್ಯ ನಿಯಮ. ನಮ್ಮ ತಮ್ಮನಿಗೆ ಹೋಗಿದ್ದು ನಾಲ್ಕು.

*

ಬೆರಳು ಇಲ್ಲ, ಮೂಳೆ ಆಚೆ ಕಾಣ್ತಿತ್ತು. ಅದನ್ನ ಮುಚ್ಚಬೇಕಲ್ಲ. ಅದಕ್ಕೆ ಮಾಡಿದ್ದು ಫ್ಲಾಪ್. ತೊಡೆಸಂದಿಯ ಹತ್ರ ಒಂದು ಪಟ್ಟಿ ಚರ್ಮವನ್ನ ಕೊಬ್ಬಿನ ಸಮೇತ ಎತ್ತಿ, ಒಂದು ಕಡೆ ಮೈಗೇ ಅಂಟಿಕೊಂಡಿರೋ ಹಾಗೆ ಬಿಟ್ಟು, ಇನ್ನೊಂದು ತುದಿಯನ್ನ ಕೈಗೆ ಹೊಲೀತಾರೆ. ಮೂರು ವಾರ ಕೈ ಅಲ್ಲೇ ಅಂಟಿಕೊಂಡಿರಬೇಕು. ಅಷ್ಟರಲ್ಲಿ ಕೈಯಿಂದ ಹೊಸ ರಕ್ತನಾಳ ಆ ಚರ್ಮಕ್ಕೆ ಬೆಳೆಯುತ್ತೆ, ಆಮೇಲೆ ಬುಡ ಕತ್ತರಿಸಿ ಬಿಡಿಸ್ತಾರೆ. 26 ವರ್ಷದ ಹುಡುಗ ಮೂರು ವಾರ ಕೈಯನ್ನ ತೊಡೆಸಂದಿಗೆ ಹೊಲಿಸಿಕೊಂಡು ವಾರ್ಡಿನಲ್ಲಿ ಮಲಗಿದ್ದ. ಊಟ ಚಿಕ್ಕಮ್ಮನೇ ತಿನ್ನಿಸ್ತಿದ್ದಳು.

ಇದಕ್ಕಿಂತ ಮುಂದುವರಿದಿದ್ದು ಫ್ರೀ ಫ್ಲಾಪ್. 1973ರಿಂದ ಬಳಕೆಗೆ ಬಂದಿದ್ದು. ತೊಡೆಯಿಂದಲೋ ಬೆನ್ನಿಂದಲೋ ಚರ್ಮ, ಮಾಂಸವನ್ನ ಅದರ ರಕ್ತನಾಳದ ಸಮೇತ ಪೂರ್ತಿ ತೆಗೆದು, ಗಾಯದ ಹತ್ರ ಇರೋ ನಾಳಕ್ಕೆ ಮೈಕ್ರೋಸ್ಕೋಪ್ ಕೆಳಗೆ ಜೋಡಿಸ್ತಾರೆ. ಕಾಲಿನ ಬೆರಳು ತೆಗೆದು ಕೈಗೆ ಹಾಕೋದೂ ಇದೇ ವಿದ್ಯೆ. ತಮ್ಮನಿಗೂ ಆಮೇಲೆ ಅದನ್ನ ಕೇಳಿದರು. "ಕಾಲೂ ಕೆಟ್ಟರೆ ಏನ್ ಮಾಡ್ಲಣ್ಣ, ಬೇಡ" ಅಂದ. ನಾನು ಒತ್ತಾಯ ಮಾಡಲಿಲ್ಲ.

ಈ ಫ್ಲಾಪ್ ವಿದ್ಯೆಯ ಚರಿತ್ರೆಯಲ್ಲಿ ನಮಗೆ ಯಾರೂ ಸರಿಯಾಗಿ ಹೇಳದ ಒಂದು ಕಥೆ ಇದೆ. ಸುಶ್ರುತನ ಹೆಸರು ಎಲ್ಲರೂ ಹೇಳ್ತಾರೆ, ಶಾಲೆಲೂ ಕಲಿಸ್ತಾರೆ. ಆದ್ರೆ ಯುರೋಪು ಇದನ್ನ ತಿಳಿದದ್ದು ಯಾರ ಕೈಯಿಂದ? 1792ರಲ್ಲಿ ಮುಗಿದ ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯೋ ಕೌಸಾಜಿ ಅನ್ನೋನು ಟಿಪ್ಪು ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗು, ಒಂದು ಕೈ ಕತ್ತರಿಸಿದರು ಅಂತ ವರದಿ. (ಇದನ್ನ ಹಿಡ್ಕೊಂಡು ಟಿಪ್ಪುನ ಬಯ್ಯೋಕೆ ಬರೋರಿಗೆ ಒಂದು ಮಾತು: ಟಿಪ್ಪುಗಿಂತ ನೂರು ವರ್ಷ ಮೊದಲೇ ಮೈಸೂರು ಸೈನ್ಯ ಮೂಗು ಕೊಯ್ಯೋದಕ್ಕೆ ಹೆಸರಾಗಿತ್ತು.) ಒಂದು ವರ್ಷ ಆದ ಮೇಲೆ ಪುಣೆಯ ಹತ್ರ ಒಬ್ಬ ವ್ಯಕ್ತಿ ಕೌಸಾಜಿಯ ಹಣೆಯ ಚರ್ಮ ಇಳಿಸಿ ಹೊಸ ಮೂಗು ಮಾಡಿಕೊಟ್ಟ. ಇಬ್ಬರು ಇಂಗ್ಲಿಷ್ ಡಾಕ್ಟರು ನಿಂತು ನೋಡಿದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚಾಯ್ತು. ಅದನ್ನ ಓದಿ ಜೋಸೆಫ್ ಕಾರ್ಪ್ಯೂ ಅನ್ನೋ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಅದೇ ಆಪರೇಷನ್ ಮಾಡಿದ. ಯುರೋಪಿನ ಪ್ಲಾಸ್ಟಿಕ್ ಸರ್ಜರಿ ಮತ್ತೆ ಎದ್ದು ನಿಂತಿದ್ದು ಅಲ್ಲಿಂದ.

ಪುಣೆಯ ಆ ಮನುಷ್ಯ ಯಾರು? ವರದಿಯಲ್ಲಿ ಅವನ ಹೆಸರೇ ಇಲ್ಲ. ಇಟ್ಟಿಗೆ ಮಾಡೋ ಜಾತಿಯವನು ಅಂತ ಅಷ್ಟೇ ಇದೆ.

ಮೂಗು ಮಾಡಿಸಿಕೊಂಡವನ ಹೆಸರು ಉಳೀತು, ನೋಡಿದವರ ಹೆಸರು ಉಳೀತು, ಮಾಡಿದವನದು ಜಾತಿ ಮಾತ್ರ ಉಳೀತು. ವೈದ್ಯನ ಮನೆಯ ಅನ್ನ ತಿನ್ನಬಾರದು ಅಂತ ಮನುಸ್ಮೃತಿ ಹೇಳುತ್ತೆ. ರಕ್ತ, ಕೀವು, ಚರ್ಮ ಮುಟ್ಟೋದು ಮೈಲಿಗೆ ಅಂದ್ಮೇಲೆ ಆ ವಿದ್ಯೆ ಪುಸ್ತಕ ಓದೋರ ಮನೆ ಬಿಟ್ಟು ಇಟ್ಟಿಗೆ ಸುಡೋರ ಮನೆಯಲ್ಲಿ ಉಳಿದಿದ್ರಲ್ಲಿ ಏನು ಆಶ್ಚರ್ಯ? ಇನ್ನೊಂದು ನೆನಪಿಡಿ. ಕೌಸಾಜಿಗೆ ಮೂಗು ವಾಪಸ್ ಬಂತು, ಕೈ ಬರಲಿಲ್ಲ. ಕೈ ಜೋಡಿಸೋ ವಿದ್ಯೆಗೆ ಜಗತ್ತು ಇನ್ನೂ 170 ವರ್ಷ ಕಾಯಬೇಕಾಯ್ತು.

ನಮ್ಮ ತಾತ ಕಪಿಲೆ ಬಾವಿಗೆ ಚರ್ಮದ ಬಾನಿ ಹೊಲೀತಿದ್ದರು. ಒಣಗಿದ ಚರ್ಮ ಹೊಲಿಯೋಕಾಗಲ್ಲ, ಒದ್ದೆ ಬಟ್ಟೇಲಿ ಸುತ್ತಿಡಬೇಕು ಅಂತಿದ್ದರು. ನೀರು ಸೋರದ ಹಾಗೆ ಹೊಲಿಗೆ ಹಾಕೋದು ಅವರ ಕೈಗೆ ಗೊತ್ತಿತ್ತು. ಆ ಕೆಲಸಕ್ಕೆ ಊರು ಅವರನ್ನ ಹಟ್ಟಿಯಲ್ಲಿಟ್ಟಿತು. ಇವತ್ತು ರಕ್ತ ಸೋರದ ಹಾಗೆ ನಾಳ ಹೊಲಿಯೋನು ಸೂಪರ್ ಸ್ಪೆಷಲಿಸ್ಟ್. ಆ ಎಂ.ಸಿಎಚ್. ಪ್ಲಾಸ್ಟಿಕ್ ಸರ್ಜರಿ ಸೀಟಿಗೆ ಎಸ್‌ಸಿ, ಎಸ್‌ಟಿ ಮೀಸಲಾತಿ ಇಲ್ಲ. ಎಂಬಿಬಿಎಸ್‌ಗೆ ಇದೆ, ಎಂಡಿ, ಎಂಎಸ್‌ಗೆ ಇದೆ, ಸೂಪರ್ ಸ್ಪೆಷಾಲಿಟಿ ಬಾಗಿಲಿಗೆ ಬಂದ ತಕ್ಷಣ "ಇಲ್ಲಿ ಬರೀ ಮೆರಿಟ್" ಅಂತಾರೆ. ಬ್ಲೇಡಿನ ಮುಂದೆ ನಿಲ್ಲೋಕೆ ನಾವು ಬೇಕು, ಮೈಕ್ರೋಸ್ಕೋಪ್ ಮುಂದೆ ಕೂರೋಕೆ ಬೇಡ.

*

ಈಗ ಜಾತಿ, ಕೂಲಿ, ಈ ಆಪರೇಷನ್ ಮೂರೂ ಸೇರೋ ಜಾಗಕ್ಕೆ ಬರ್ತೀನಿ.

ಓದ್ತಾ ಓದ್ತಾ, ಕೇಳ್ತಾ ಕೇಳ್ತಾ ಒಂದು ಮಾತು ಪದೇ ಪದೇ ಸಿಗುತ್ತೆ. "ಇವರು ಕೂಲಿ ಮಾಡೋ ಜನ. ಜೋಡಿಸಿದ್ರೆ ಫಿಸಿಯೋಥೆರಪಿ ಎಲ್ಲಾ ಸೇರಿ ಐದಾರು ತಿಂಗಳು ಕೆಲಸಕ್ಕೆ ಹೋಗಂಗಿಲ್ಲ. ಮೊಂಡು ಮಾಡಿ ಮುಚ್ಚಿದ್ರೆ ತಿಂಗಳಲ್ಲಿ ಕೆಲಸಕ್ಕೆ ಹೋಗ್ತಾರೆ." ಇದರಲ್ಲಿ ಪೂರ್ತಿ ಕೆಟ್ಟ ಮನಸ್ಸಿದೆ ಅಂತ ನಾನು ಹೇಳಲ್ಲ. ಎಷ್ಟೋ ಡಾಕ್ಟರು ನಮ್ಮ ಹೊಟ್ಟೆಪಾಡು ನೋಡಿಯೇ ಹೇಳ್ತಾರೆ. ನಮ್ಮವರೂ "ಬೇಗ ಮುಗ್ಸಿ ಸಾರ್, ಮನೇಲಿ ಹಸು ಇದಾವೆ" ಅಂತಾರೆ. ಆದ್ರೆ ಸಾಫ್ಟ್‌ವೇರ್ ಇಂಜಿನಿಯರಿನ ಬೆರಳಿಗೆ ಯಾರಾದ್ರೂ ಈ ಲೆಕ್ಕ ಹೇಳ್ತಾರಾ? ಕೈಯಿಂದಲೇ ಬದುಕೋನಿಗೆ ಕೈ ಹೆಚ್ಚು ಬೇಕೋ, ಕಡಿಮೆ ಬೇಕೋ? ಬಡತನ ಅನ್ನೋದು ಬೆರಳು ಬಿಡೋಕೆ ಕಾರಣ ಆಗಬಾರದು. ಆ ಐದಾರು ತಿಂಗಳ ಕೂಲಿ ಯಾರು ಕೊಡಬೇಕು ಅಂತ ಕೇಳಬೇಕು.

ಉತ್ತರ ಕಾನೂನಲ್ಲೇ ಇದೆ. 1923ರಿಂದ ಇದೆ. ಕಾರ್ಮಿಕರ ಪರಿಹಾರ ಕಾಯ್ದೆ, 2020ರ ಸಾಮಾಜಿಕ ಭದ್ರತಾ ಸಂಹಿತೆ ಅದನ್ನ ತನ್ನೊಳಗೆ ಸೇರಿಸಿಕೊಂಡಿದೆ. ಕೆಲಸದಲ್ಲಿ ಗಾಯ ಆದ್ರೆ ವಾಸಿ ಆಗೋ ತನಕ, 15 ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲು ಭಾಗ ಮಾಲೀಕ ಕೊಡಬೇಕು. ಆಸ್ಪತ್ರೆಗೆ ನಿಜವಾಗಿ ಆದ ಖರ್ಚೂ ಅವನೇ ಕೊಡಬೇಕು. ಕರೆಂಟಿನಲ್ಲಿ, ಎಂಜಿನ್ನಲ್ಲಿ ನಡೆಯೋ ಮೆಷಿನ್ ಇಟ್ಟು ಮಾಡಿಸೋ ಬೇಸಾಯದ ಕೆಲಸವೂ ಇದರೊಳಗೆ ಬರುತ್ತೆ. ಯಾವ ಅಂಗಕ್ಕೆ ಎಷ್ಟು ಅಂತ ಪಟ್ಟಿ ಇದೆ: ಹೆಬ್ಬೆರಳು ಹೋದ್ರೆ ದುಡಿಯೋ ಶಕ್ತಿ 30 ಪರ್ಸೆಂಟ್ ಹೋಯ್ತು ಅಂತ ಲೆಕ್ಕ, ತೋರುಬೆರಳು ಪೂರ್ತಿ ಹೋದ್ರೆ 14, ಒಂದು ಕೈಯ ಎರಡು ಬೆರಳಿಗೆ 20, ಮೂರಕ್ಕೆ 30, ನಾಲ್ಕಕ್ಕೆ 50, ಇಡೀ ಕೈಗೆ 60.

ನಮ್ಮ ತಮ್ಮನ ಲೆಕ್ಕ ಹಾಕೋಣ. ಸಂಬಳ 12 ಸಾವಿರ. ಅದರ 60 ಪರ್ಸೆಂಟ್ 7,200. 26 ವರ್ಷಕ್ಕೆ ಕಾನೂನಿನ ಪಟ್ಟಿಯಲ್ಲಿರೋ ಗುಣಕ 215.28. ಗುಣಿಸಿದ್ರೆ 15 ಲಕ್ಷ 50 ಸಾವಿರ. ನಾಲ್ಕು ಬೆರಳಿಗೆ ಅದರಲ್ಲಿ ಅರ್ಧ: 7 ಲಕ್ಷ 75 ಸಾವಿರ ರೂಪಾಯಿ.

ಅವನಿಗೆ ಸಿಕ್ಕಿದ್ದು 40 ಸಾವಿರ. ನಾನು ಬೆಂಗಳೂರಲ್ಲಿದ್ದ ಒಂದು ದಿನ ಊರಲ್ಲಿ ಪಂಚಾಯ್ತಿ ಸೇರಿಸಿ, ಚಿಕ್ಕಪ್ಪನಿಗೆ "ನಾಳೆ ನಾವೇ ಬೇಕಲ್ಲಪ್ಪ ನಿಮಗೆ" ಅಂದು, ಇನ್ನು ಮುಂದೆ ಏನೂ ಕೇಳಲ್ಲ ಅಂತ ಪೇಪರು ಬರೆಸಿಕೊಂಡರು. ತಮ್ಮನಿಗೆ ಬಲಗೈಲಿ ಪೆನ್ನು ಹಿಡಿಯೋಕೆ ಆಗ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡರು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟಿನಿಂದ ಸಹಿಗೆ ಬಂದ ಮೊದಲ ತಲೆಮಾರು ಅವನದು. ಮತ್ತೆ ಹೆಬ್ಬೆಟ್ಟಿಗೆ ತಳ್ಳಿದರು.

ಅಂಥ ಪೇಪರಿಗೆ ಕಾನೂನಿನಲ್ಲಿ ಕಿಮ್ಮತ್ತಿಲ್ಲ. ಪರಿಹಾರದ ಹಕ್ಕು ಬಿಟ್ಟುಕೊಡ್ತೀನಿ ಅಂತ ಕಾರ್ಮಿಕ ಬರೆದುಕೊಟ್ಟ ಒಪ್ಪಂದ ಅನೂರ್ಜಿತ ಅಂತ ಕಾಯ್ದೆಯ 17ನೇ ಸೆಕ್ಷನ್ನೇ ಹೇಳ್ತಿತ್ತು. ಆದ್ರೆ ಕ್ಲೇಮು ಹಾಕೋಕೆ ಎರಡು ವರ್ಷದ ಗಡುವು. ಆ ಗಡುವು ಮುಗಿಯೋಕೆ ಮೂರು ತಿಂಗಳಿದ್ದಾಗ ನನಗೆ ಇದೆಲ್ಲ ಗೊತ್ತಾಯ್ತು. ಹಾಕಿದ್ದೀವಿ. ಕೇಸು ನಡೀತಿದೆ, ಹೆಚ್ಚು ಹೇಳಲ್ಲ. ಬಾಬಾಸಾಹೇಬರು 1942ರಿಂದ 46ರ ತನಕ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು. ಅವರ ಮಕ್ಕಳು ಅಂತ ಹೇಳ್ಕೊಳ್ಳೋ ನನಗೆ ಅಟ್ರಾಸಿಟಿ ಕಾಯ್ದೆಯ ಸೆಕ್ಷನ್ನು ಬಾಯಿಪಾಠ, ಕಾರ್ಮಿಕ ಪರಿಹಾರದ ಒಂದು ಸೆಕ್ಷನ್ನೂ ಗೊತ್ತಿರಲಿಲ್ಲ.

*

ಕಳೆದ ವರ್ಷ ಗೌರಿಬಿದನೂರು ತಾಲ್ಲೂಕಿನಿಂದ ಒಬ್ಬ ಗೆಳೆಯನ ಫೋನ್ ಬಂತು. ಒಂಬತ್ತು ವರ್ಷದ ಹುಡುಗ. ಅಪ್ಪ ಅಮ್ಮ ಹೊಲದಲ್ಲಿ, ಇವನು ಆಟಕ್ಕೆ ಅಂತ ಚಾಫ್ ಕಟರ್ ಹಾಕಿದ್ದಾನೆ. ಎರಡು ಬೆರಳು. ನಾನು ಮೊದಲು ಕೇಳಿದ್ದು ಒಂದೇ: "ಬೆರಳು ಎಲ್ಲಿವೆ?"

ಹುಡುಕಿದರು. ಸಿಕ್ಕವು. ಕುಡಿಯೋ ನೀರಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೇಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಹಾಕಿದರು. ಮೀನಿನ ಅಂಗಡಿ ಸಾಬರು ಐಸು ಕೊಟ್ಟರು, ಕಾಸು ತಗೊಳ್ಳಲಿಲ್ಲ. ಕವರನ್ನ ಐಸು, ನೀರು ಇರೋ ಡಬ್ಬಿಯೊಳಗೆ ಇಟ್ಟರು. ಅವರು ದಾರಿಲಿದ್ದಾಗಲೇ ನಾನು ಬೆಂಗಳೂರಿನ ಮೂರು ಆಸ್ಪತ್ರೆಗೆ ಫೋನ್ ಮಾಡಿ, ಇವತ್ತು ರಾತ್ರಿ ಮೈಕ್ರೋಸರ್ಜರಿ ಮಾಡೋ ಡಾಕ್ಟರು ಇದ್ದಾರಾ ಅಂತ ಕೇಳಿದೆ. ಮೂರನೇ ಕಡೆ ಇದ್ದರು. ನೇರ ಅಲ್ಲಿಗೇ ಹೋದರು. ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ, ತುರ್ತು ಅಂದ್ರೆ ರೆಫರಲ್ ಚೀಟಿಗೆ ಅಲೀಬೇಕಾಗಿಲ್ಲ.

ಎರಡರಲ್ಲಿ ಒಂದು ಬೆರಳು ಉಳೀತು. ಇನ್ನೊಂದು ಐದನೇ ದಿನ ಕಪ್ಪಾಯ್ತು, ತೆಗೆದರು. ಉಳಿದಿದ್ದು ಪೂರ್ತಿ ಮಡಚಲ್ಲ, ಚಳಿಗೆ ನೋಯುತ್ತೆ ಅಂತಾನೆ. ಆದ್ರೆ ಪೆನ್ಸಿಲ್ ಹಿಡೀತಾನೆ. ಮೊನ್ನೆ ಹೋದಾಗ ತಮ್ಮನನ್ನೂ ಕರ್ಕೊಂಡು ಹೋಗಿದ್ದೆ. ಹುಡುಗ ಅವನ ಕೈ ಹಿಡಿದು ನೋಡಿ, "ಮಾಮ, ನಿಮ್ಮ ಬೆರಳು ಯಾಕೆ ಜೋಡಿಸ್ಲಿಲ್ಲ?" ಅಂತ ಕೇಳಿದ. ತಮ್ಮ ನನ್ನ ಕಡೆ ನೋಡಲಿಲ್ಲ. "ನಮಗೆ ಗೊತ್ತಿರ್ಲಿಲ್ಲ ಕಂದ" ಅಂದ.

*

ಕೆಲಸದ ಮಾತಿಗೆ ಬರ್ತೀನಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

1. ರಕ್ತ ಬರೋ ಜಾಗಕ್ಕೆ ಶುದ್ಧ ಬಟ್ಟೆ ಒತ್ತಿ ಹಿಡೀರಿ, ಕೈ ಎದೆಗಿಂತ ಮೇಲಕ್ಕೆ ಎತ್ತಿ. ಕಾಫಿಪುಡಿ, ಅರಿಶಿನ, ಸುಣ್ಣ ಏನೂ ಮೆತ್ತಬೇಡಿ.

2. ತುಂಡಾದ ಭಾಗ ಹುಡುಕಿ. ಎಷ್ಟೇ ಜಜ್ಜಿರಲಿ, ತನ್ನಿ. ಜೋಡಿಸೋಕಾಗದಿದ್ರೂ ಅದರ ಚರ್ಮ, ಮೂಳೆ ಬೇರೆ ಕಡೆ ಉಪಯೋಗಕ್ಕೆ ಬರಬಹುದು.

3. ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಕವರು, ಅದರ ಆಚೆ ಐಸು ನೀರು. ಬೆರಳಿಗೆ ಐಸು ನೇರವಾಗಿ ತಾಗಬಾರದು. ಫ್ರೀಜರ್ ಬೇಡ, ಹಾಲು ಬೇಡ, ಸ್ಪಿರಿಟ್ ಬೇಡ.

4. ಸ್ವಲ್ಪ ಚರ್ಮದಲ್ಲಿ ನೇತಾಡ್ತಿದ್ರೆ ಕತ್ತರಿಸಬೇಡಿ. ಹಂಗೇ ಪಟ್ಟಿ ಕಟ್ಟಿ.

5. ಗಾಯ ಆದ ಟೈಮು ಬರೆದುಕೊಳ್ಳಿ. ಊಟ, ನೀರು ಕೊಡಬೇಡಿ, ಅರಿವಳಿಕೆ ಕೊಡಬೇಕಾಗುತ್ತೆ.

6. ಹೊರಡೋಕೆ ಮುಂಚೆ ಒಬ್ಬರು ಫೋನ್ ಹಿಡಿದು ಕೂತು ಮೈಕ್ರೋಸರ್ಜರಿ ಎಲ್ಲಿದೆ ಅಂತ ಕೇಳಿ. ರಕ್ತ ನಿಲ್ಲಿಸೋಕೆ ಹತ್ತಿರದ ಆಸ್ಪತ್ರೆಗೆ ಹೋದ್ರೂ ಅಲ್ಲೇ ಗಂಟೆಗಟ್ಟಲೆ ಕೂರಬೇಡಿ.

ಫೋಟೋ, ಕಂಪ್ಲೇಂಟು, ಪೋಸ್ಟು ಎಲ್ಲಾ ಬೇಕು. ಇವು ಆದ ಮೇಲೆ.

ಸರ್ಕಾರಕ್ಕೆ ನಮ್ಮ ಬೇಡಿಕೆಗಳೂ ಇವೆ. ಚಿಕ್ಕಬಳ್ಳಾಪುರಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ, ಅಲ್ಲಿ 24 ಗಂಟೆ ಕೈ ಜೋಡಿಸೋ ತಂಡ ಮತ್ತು ಮೈಕ್ರೋಸ್ಕೋಪ್ ಬೇಕು. ಆಗಲ್ಲ ಅನ್ನಬೇಡಿ. ಪಕ್ಕದ ಚೆನ್ನೈನಲ್ಲಿ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಡಾ. ಆರ್. ವೆಂಕಟಸ್ವಾಮಿ ಕಟ್ಟಿದ ಕೈ ಚಿಕಿತ್ಸೆಯ ವಿಭಾಗ ದಶಕಗಳಿಂದ ಬಡವರ ಕೈ ನೋಡ್ತಿದೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆ ಇದರಲ್ಲಿ ಪ್ರಪಂಚಕ್ಕೇ ಹೆಸರು ಮಾಡಿದೆ. ಅದಾಗೋ ತನಕ, ಇವತ್ತು ರಾತ್ರಿ ಬೆಂಗಳೂರಿನ ಯಾವ ಆಸ್ಪತ್ರೆಲಿ ಈ ಡಾಕ್ಟರು ಡ್ಯೂಟಿಲಿದ್ದಾರೆ ಅಂತ ಹೇಳೋ ಒಂದು ಫೋನ್ ನಂಬರು ಕೊಡಿ, 108ರವರು ನೇರ ಅಲ್ಲಿಗೇ ಹೋಗಲಿ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ ತಾಲ್ಲೂಕು ಆಸ್ಪತ್ರೆಗಳ ಎಮರ್ಜೆನ್ಸಿಯಲ್ಲಿ "ಬೆರಳು ಎಲ್ಲಿ?" ಅಂತ ಕೇಳೋದು ಮೊದಲ ಪ್ರಶ್ನೆ ಆಗಲಿ. ಸಬ್ಸಿಡಿಲಿ ಕೊಡೋ ಪ್ರತಿ ಚಾಫ್ ಕಟರಿಗೂ ಬಾಯಿಗೆ ಗಾರ್ಡು, ಕೈಗೆ ಸಿಗೋ ಹಾಗೆ ಸ್ವಿಚ್ಚು ಕಡ್ಡಾಯ ಮಾಡಿ.

ನಮ್ಮ ನಮ್ಮಲ್ಲೇ ಆಗಬೇಕಾದ ಕೆಲಸಕ್ಕೆ ಸರ್ಕಾರ ಬೇಕಾಗಿಲ್ಲ. ಪ್ರತಿ ಹಟ್ಟಿಯ ಅಂಬೇಡ್ಕರ್ ಭವನದ ಗೋಡೆ ಮೇಲೆ ಮೇಲಿನ ಆರು ಸಾಲು ಬರೆಸಿ. ಡೇರಿ ಗೋಡೆ ಮೇಲೂ ಬರೆಸಿ, ಎಲ್ಲಾ ಜಾತಿಯವರೂ ಹಾಲು ಹಾಕೋಕೆ ಬರ್ತಾರೆ, ಎಲ್ಲರ ಮನೆಯಲ್ಲೂ ಮೆಷಿನ್ ಇದೆ. ಮುಖ್ಯವಾಗಿ ಹೆಣ್ಣುಮಕ್ಕಳಿಗೆ ಹೇಳಿ. ಮೇವಿನ ರಾಶಿಯಿಂದ ಬೆರಳು ಆರಿಸೋರು ಅವರೇ. ನಮ್ಮ ಚಿಕ್ಕಮ್ಮ ಆವತ್ತು ಎಷ್ಟು ಪ್ರೀತಿಯಿಂದ ಆ ನಾಲ್ಕನ್ನೂ ಎತ್ತಿಕೊಂಡಳು ಅಂತ ನಾನು ನೋಡಿದ್ದೀನಿ. ಅದೇ ಕೈಗೆ ಒಂದು ಒದ್ದೆ ಬಟ್ಟೆ, ಒಂದು ಕವರು ಸಿಕ್ಕಿದ್ರೆ ಸಾಕಾಗಿತ್ತು.

ಈಗ ಚಿಕ್ಕಮ್ಮನೇ ಊರೂರಿಗೆ ಬಂದು ಇದನ್ನ ಹೇಳ್ತಾಳೆ. ಮಹಿಳಾ ಸಂಘದ ಸಭೆ ಇದ್ರೆ ಕರೀರಿ, ಬರ್ತಾಳೆ. ಭಾಷಣ ಗೀಷಣ ಬರಲ್ಲ ಅವಳಿಗೆ. ಒಂದು ಬಟ್ಟೆ, ಒಂದು ಪ್ಲಾಸ್ಟಿಕ್ ಕವರು, ಒಂದು ಡಬ್ಬಿ ಐಸು ತಗೊಂಡು ಬಂದು ಮಾಡಿ ತೋರಿಸ್ತಾಳೆ. ಕೊನೇಲಿ ಅವಳು ಹೇಳೋದು ಒಂದೇ ಮಾತು: "ಹೂಳಬೇಡ್ರಮ್ಮ, ತಗೊಂಡ್ ಹೋಗ್ರಿ."

ಶೇರ್ ಮಾಡೋರು ನನ್ನ ಹೆಸರು ತೆಗೆದು ಹಾಕಿದ್ರೂ ಪರವಾಗಿಲ್ಲ. ಆ ಆರು ಸಾಲು ಮಾತ್ರ ಬಿಡಬೇಡಿ.

ಜೈ ಭೀಮ್.